ಹುಲಿಗೆಪ್ಪನಿಗೆ ಕೊಡದ ಮಾತ್ರೆ

ಯಮನೂರಮ್ಮ ಗರ್ಭಚೀಲ ತೆಗೆಸಿಕೊಂಡಾಗ ಅವಳಿಗೆ ಇಪ್ಪತ್ತೇಳು ವರ್ಷ. ಗಂಗಾವತಿಗೆ ಕರೆದುಕೊಂಡು ಹೋದವಳು ಹನುಮಂತಮ್ಮ.

ಇಬ್ಬರೂ ನೆಗೆಣ್ಣಿಯರು. ನವಲಿಯ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಹನುಮಂತಮ್ಮ ಹಿರಿಯವಳು, ಎಂಟನೆಯ ತರಗತಿವರೆಗೆ ಓದಿದವಳು, ಊರಿನ ಆಶಾ ಕಾರ್ಯಕರ್ತೆ. ಯಮನೂರಮ್ಮ ಅವಳ ಮೈದುನ ಹುಲಿಗೆಪ್ಪನ ಹೆಂಡತಿ. ಯಲಬುರ್ಗಾ ಕಡೆಯ ಒಣಬೇಸಾಯದ ಊರಿನವಳು. ಹದಿನೇಳಕ್ಕೆ ಮದುವೆಯಾಗಿ ಬರುವವರೆಗೂ ಆಕೆ ಭತ್ತದ ಗದ್ದೆಗೆ ಕಾಲಿಟ್ಟವಳಲ್ಲ. ಮೊದಲ ನಾಟಿಯಲ್ಲಿ ಕೆಸರಿನಲ್ಲಿ ನಿಂತು ನಿಂತು ಕಾಲ್ಬೆರಳ ಸಂದು ಕೊಳೆತಾಗ ಹನುಮಂತಮ್ಮನೇ ದಿನಾ ಸಂಜೆ ಅರಿಶಿಣ ಎಣ್ಣೆ ಕಾಸಿ ಹಚ್ಚಿದ್ದಳು. ಅಲ್ಲಿಂದ ಯಮನೂರಮ್ಮ ಆಕೆಯನ್ನು ಬಾಯಿತುಂಬ ಯಕ್ಕ ಎಂದು ಕರೆಯುತ್ತಿದ್ದಳು. ತಲೆನೋವು ಬಂದರೂ ಯಕ್ಕನನ್ನು ಕೇಳಿಯೇ ಮಾತ್ರೆ ನುಂಗುವಳು.

ಇಪ್ಪತ್ತೊಂದಕ್ಕೆ ಎರಡು ಮಕ್ಕಳಾಗಿ, ಮುಂದೆ ಮಕ್ಕಳಾಗದ ಹಾಗೆ ಆಪರೇಷನ್ನೂ ಆಗಿತ್ತು. ನಾಲ್ಕೈದು ವರ್ಷಕ್ಕೆ ಬಿಳಿಸೆರಗು ಶುರುವಾಯಿತು. ಸೊಂಟ ಹಿಡಿಯುತ್ತಿತ್ತು. ನಾಟಿ ಮಾಡುವಾಗ ಬಗ್ಗಿದವಳು ಎದ್ದು ನಿಲ್ಲಲು ಇನ್ನೊಬ್ಬರ ಹೆಗಲು ಹಿಡಿಯಬೇಕಾಗುತ್ತಿತ್ತು. ಬಟ್ಟೆ ಬದಲಿಸಲು ಗದ್ದೆಯಲ್ಲಿ ಮರೆ ಎಲ್ಲಿ? ಒದ್ದೆ ಬಟ್ಟೆಯಲ್ಲೇ ಸಂಜೆಯತನಕ ಇರುತ್ತಿದ್ದಳು. ನಾಚಿಕೆಯಿಂದ ನಾಲ್ಕು ತಿಂಗಳು ಹೇಳದೆ, ಕಡೆಗೊಂದು ದಿನ ಹಿತ್ತಲಲ್ಲಿ ಹನುಮಂತಮ್ಮನಿಗೆ ಹೇಳಿದಳು.

ಹನುಮಂತಮ್ಮ ಆಕೆಯನ್ನು ಸರಕಾರಿ ದವಾಖಾನೆಗೆ ಕರೆದೊಯ್ದಳು. ಅಲ್ಲಿಯ ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಯಮನೂರಮ್ಮ ಸೀರೆ ಸರಿಮಾಡಿಕೊಂಡು ಮುಖ ತೊಳೆಯಲು ಹೊರಗೆ ನಳದ ಹತ್ತಿರ ಹೋದಾಗ ಹನುಮಂತಮ್ಮನ ಕೈಗೆ ಎರಡು ಪಟ್ಟಿ ಮಾತ್ರೆ ಕೊಟ್ಟರು.

"ಇದು ಆಕಿಗೆ, ಇದು ಆಕಿ ಗಂಡಗ. ಸೋಂಕು ಐತಿ. ಇಬ್ಬರೂ ಕೂಡೇ ನುಂಗಬೇಕು. ಗಂಡ ನುಂಗಲಿಲ್ಲಂದ್ರ ಹೋದದ್ದು ಮತ್ತ ಬರತೈತಿ. ತಿಳಿಸಿ ಹೇಳ್ರಿ, ನೀವು ಆಶಾ ಅದೀರಿ."

"ಹೇಳತೀನ್ರಿ ಮೇಡಂ," ಎಂದಳು ಹನುಮಂತಮ್ಮ.

ಹೇಳಲಿಲ್ಲ. ಮೊದಲಿಗೆ ಬಸ್ಸಿನಲ್ಲಿ ಮಂದಿ ಇದ್ದರು ಎಂದು ಸುಮ್ಮನಾದಳು. ಮನೆಗೆ ಬಂದ ಮೇಲೆ ಯಮನೂರಮ್ಮನಿಗೆ ಆಕೆಯ ಪಟ್ಟಿಯನ್ನಷ್ಟೇ ಕೊಟ್ಟಳು. ಇನ್ನೊಂದು ತನ್ನ ರಿಜಿಸ್ಟರಿನ ಚೀಲದಲ್ಲೇ ಉಳಿಯಿತು. ಮೈದುನನ ಎದುರು ನಿಂತು ಇಂಥ ಮಾತನ್ನು ಅತ್ತಿಗೆಯಾದವಳು ಹೇಗೆ ಆಡುವುದು? ಯಮನೂರಮ್ಮನ ಕೈಯಲ್ಲೇ ಕೊಡಿಸೋಣವೆಂದರೆ ಅದಕ್ಕೂ ಅಂಜಿಕೆ. ಹಿಂದಿನ ವರ್ಷ ಪಕ್ಕದ ಓಣಿಯಲ್ಲಿ ಹೀಗೇ ಒಬ್ಬಳು ಗಂಡನಿಗೆ ಮಾತ್ರೆ ಕೊಟ್ಟಾಗ, ಈ ರೋಗ ಎಲ್ಲಿಂದ ತಂದೆ ಎಂದು ಅವನು ಆಕೆಯನ್ನು ಜುಟ್ಟು ಹಿಡಿದು ಬೀದಿಗೆ ಎಳೆದಿದ್ದ. ಹುಲಿಗೆಪ್ಪ ಅಂಥವನಲ್ಲ. ಆದರೂ ಗಂಡಸು, ಏನಂತಾನೋ ಯಾರಿಗೆ ಗೊತ್ತು ಎಂದುಕೊಂಡಳು. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಮೂರು ವಾರ ಕಳೆಯಿತು. ರಿಜಿಸ್ಟರುಗಳ ನಡುವೆ ಸಿಕ್ಕು ಮಾತ್ರೆಗಳು ಪುಡಿಯಾಗತೊಡಗಿದವು. ಒಂದು ದಿನ ಲಸಿಕೆ ಕೆಲಸ ಮುಗಿಸಿ ಬರುವಾಗ ಕಾಲುವೆಯ ಸೇತುವೆ ಮೇಲೆ ನಿಂತು ಆ ಪಟ್ಟಿಯನ್ನು ನೀರಿಗೆ ಒಗೆದಳು.

ಯಮನೂರಮ್ಮನಿಗೆ ಒಂದು ತಿಂಗಳು ಆರಾಮಾಯಿತು. ಆಮೇಲೆ ಮತ್ತೆ ಬಂತು. ಮತ್ತೆ ಮಾತ್ರೆ ತಂದರು, ಮತ್ತೆ ಬಂತು. ಆ ಹೊತ್ತಿಗೆ ಡಾಕ್ಟರಮ್ಮನಿಗೆ ಬೇರೆ ಕಡೆ ವರ್ಗವಾಗಿತ್ತು. ಹೊಸದಾಗಿ ಬಂದವರು ಗಂಡನ ವಿಚಾರ ಎತ್ತಲಿಲ್ಲ.

ನಾಟಿಯ ಗುಂಪಿನಲ್ಲಿ ಇಪ್ಪತ್ತು ಹೆಂಗಸರಿದ್ದರೆ ಏಳೆಂಟು ಮಂದಿ ಆಗಲೇ ಚೀಲ ತೆಗೆಸಿದವರು. ಊಟಕ್ಕೆ ಬದುವಿನ ಮೇಲೆ ಕುಳಿತಾಗ ಅವರದು ಅದೇ ಮಾತು. "ತೆಗಿಸಿ ಒಗಿ. ತಿಂಗಳಾ ತಿಂಗಳಾ ಕಾಟ ತಪ್ಪತೈತಿ. ಮೇಸ್ತ್ರಿನೂ ಪಾಳಿ ತಪ್ಪಿಸಿದಿ ಅಂತ ಬೈಯಾಂಗಿಲ್ಲ." ಯಮನೂರಮ್ಮ ಕೇಳಿ ಕೇಳಿ ಒಂದು ದಿನ ಹನುಮಂತಮ್ಮನಿಗೆ ಅಂದಳು, "ಯಕ್ಕ, ಗಂಗಾವತ್ಯಾಗ ತೋರಿಸೋಣ ಬಾ. ಈ ಮಾತ್ರಿ ಸಾಕಾಗಿ ಹೋಗೈತಿ."

ಗಂಗಾವತಿಯ ಒಂದು ನರ್ಸಿಂಗ್ ಹೋಮಿನ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ ಐದೇ ನಿಮಿಷದಲ್ಲಿ ಹೇಳಿಬಿಟ್ಟರು. "ಚೀಲದ ಬಾಯಿಗೆ ಹುಣ್ಣಾಗೈತಿ. ಹಿಂಗ ಬಿಟ್ರ ಮುಂದ ಕ್ಯಾನ್ಸರ್ ಆಗತೈತಿ. ತೆಗಿಸಿಬಿಡ್ರಿ."

ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮುಂದಿನದು ಅವರಿಬ್ಬರಿಗೂ ಕೇಳಿಸಲಿಲ್ಲ. ಯಮನೂರಮ್ಮ ಡಾಕ್ಟರ ಕಡೆ ನೋಡಲೇ ಇಲ್ಲ. ಹನುಮಂತಮ್ಮನ ಮುಖ ನೋಡಿದಳು.

"ಯಕ್ಕ, ನೀ ಹೇಳು."

ಹನುಮಂತಮ್ಮನಿಗೆ ಕಾಲುವೆಗೆ ಒಗೆದ ಮಾತ್ರೆ ನೆನಪಾಗದೆ ಇರಲಿಲ್ಲ. ಅದನ್ನು ಈಗ ಬಾಯಿಬಿಟ್ಟರೆ ತಾನು ಏನಾದೇನು ಎಂಬ ಯೋಚನೆಯೂ ಬಂತು. ಇಷ್ಟು ದೊಡ್ಡ ಡಾಕ್ಟರೇ ಹೇಳುತ್ತಿದ್ದಾರಲ್ಲ, ಬರೀ ಮಾತ್ರೆಯಿಂದ ಹೋಗುವಂಥದ್ದಾಗಿದ್ದರೆ ಹೀಗೇಕೆ ಹೇಳುತ್ತಿದ್ದರು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

"ತೆಗಿಸಿಬಿಡು ಯಮನೂರಿ," ಎಂದಳು. "ಎರಡು ಮಕ್ಕಳದಾವು. ಇನ್ನ ಅದರಿಂದ ಏನ ಕೆಲಸ ಐತಿ ನಿನಗ?"

ಎಂಟು ದಿನಕ್ಕೆ ಆಪರೇಷನ್ ಆಯಿತು. ತಿಂಗಳಾದ ಮೇಲೆ ಹನುಮಂತಮ್ಮನೇ ಹೋಗಿ ಉಳಿದ ರಿಪೋರ್ಟು ತಂದು ಫೈಲಿಗೆ ಸೇರಿಸಿದಳು. ಎಲ್ಲ ಇಂಗ್ಲಿಷಿನಲ್ಲಿತ್ತು. ಯಾರಿಗೂ ಓದಿಸಲಿಲ್ಲ. ಫೈಲು ಪ್ಲಾಸ್ಟಿಕ್ ಚೀಲದಲ್ಲಿ ಟ್ರಂಕಿನ ತಳ ಸೇರಿತು.

ಮೊದಲ ಕೆಲವು ತಿಂಗಳು ಯಮನೂರಮ್ಮ ಸಂತೋಷವಾಗಿಯೇ ಇದ್ದಳು. ಮುಟ್ಟಿಲ್ಲ, ಬಟ್ಟೆಯಿಲ್ಲ. ಆಮೇಲೆ ಮೈ ಉರಿಯತೊಡಗಿತು. ಚಳಿಗಾಲದಲ್ಲೂ ಎದೆಯಿಂದ ಮೇಲಕ್ಕೆ ಬೆಂಕಿ ಏರಿದಂತಾಗಿ ಬೆವರುವಳು. ನಿದ್ದೆ ಹೋಯಿತು. ಸುಮ್ಮನೆ ಅಳು ಬರುತ್ತಿತ್ತು, ಮಕ್ಕಳ ಮೇಲೆ ರೇಗುತ್ತಿದ್ದಳು. ಅತ್ತೆ ಹಂಪವ್ವ ಯಾವುದೋ ದೃಷ್ಟಿ ತಾಗಿದೆಯೆಂದು ಹೇಮಗುಡ್ಡದ ದುರ್ಗಮ್ಮನ ಗುಡಿಗೆ ಕರೆದೊಯ್ದು ಉಡಿ ತುಂಬಿಸಿದಳು. ಉರಿ ನಿಲ್ಲಲಿಲ್ಲ. ಮೂವತ್ತಕ್ಕೇ ಮೊಣಕಾಲು ಹಿಡಿದವು. ಮೂವತ್ತೈದಕ್ಕೆ ನಾಟಿ ಬಿಟ್ಟಳು. ನಾಲ್ಕೂವರೆ ವರ್ಷ ಹಿರಿಯಳಾದ ಹನುಮಂತಮ್ಮನ ಪಕ್ಕದಲ್ಲಿ ನಿಂತರೆ ಯಮನೂರಮ್ಮನೇ ಅಕ್ಕನಂತೆ ಕಾಣುತ್ತಿದ್ದಳು.

ಮೂವತ್ತೆಂಟನೆಯ ವಯಸ್ಸಿನಲ್ಲಿ, ಹೋದ ಶ್ರಾವಣದಲ್ಲಿ, ಬಚ್ಚಲ ಕಲ್ಲಿನ ಮೇಲೆ ಜಾರಿದಳು. ದೊಡ್ಡ ಬೀಳೇನೂ ಅಲ್ಲ. ಬಲಗೈ ಊರಿದಳು, ಮುಂಗೈ ಲಟಕ್ಕೆಂದಿತು. ಹುಲಿಗೆಪ್ಪ ಬೇರೆ ಊರಿಗೆ ಭತ್ತ ನಾಟಿ ಮಾಡುವ ಮಶಿನ್ ಜೊತೆ ಹೋಗಿದ್ದರಿಂದ ಹನುಮಂತಮ್ಮನೇ ಕೊಪ್ಪಳದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದಳು. ಹಳೆಯ ಕಾಗದವೆಲ್ಲ ಬೇಕಾದೀತು ಎಂದು ಟ್ರಂಕಿನ ಫೈಲನ್ನೂ ಹಿಡಿದಿದ್ದಳು.

ಕೈಗೆ ಪಟ್ಟಿ ಹಾಕಿದ ಮೇಲೆ ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇಷ್ಟಕ್ಕ ಮುರಿಯೋ ಎಲುಬಲ್ಲ ಇದು. ಅರವತ್ತು ವರ್ಷದವರ ಎಲುಬಿನಂಗ ಟೊಳ್ಳಾಗೈತಿ. ಮುಟ್ಟು ನಿಂತು ಎಷ್ಟು ವರ್ಷ ಆತ್ರೀ?"

"ಚೀಲ ತೆಗಿಸೇನ್ರಿ. ಹನ್ನೊಂದು ವರ್ಷ ಆತು," ಎಂದಳು ಯಮನೂರಮ್ಮ.

ಡಾಕ್ಟರು ಫೈಲು ಕೇಳಿದರು. ಒಂದೊಂದೇ ಹಾಳೆ ತಿರುವಿದರು. ಕಡೆಯ ರಿಪೋರ್ಟಿಗೆ ಬಂದಾಗ ಅವರ ಕೈ ನಿಂತಿತು.

"ನಿಮ್ಮ ಗರ್ಭಚೀಲ ಒಂದ ಅಲ್ಲ, ಬಾಜೂಕಿದ್ದ ಎರಡೂ ಅಂಡಾಶಯ ತೆಗೆದಾರ. ಗೊತ್ತದ ಏನು ನಿಮಗ?"

"ಇಲ್ರಿ. ಹಂಗಂದ್ರ?"

"ಹೆಣ್ಮಕ್ಕಳ ಎಲುಬು ಗಟ್ಟಿ ಇರೋದು, ಮೈ ತಂಪಿರೋದು ಅವುಗಳಿಂದನ. ಅವನ್ನ ತೆಗೆದ ದಿನದಿಂದ ನಿಮ್ಮ ಮೈಗೆ ಮುಪ್ಪು ಶುರುವಾಗೇದ." ಡಾಕ್ಟರು ಕಡೆಯ ಹಾಳೆಯ ಮೇಲೆ ಬೆರಳಿಟ್ಟರು. "ತೆಗೆದ ಚೀಲಾನ ಪರೀಕ್ಷೆಗೆ ಕಳಿಸಿದ್ರು. ಇದು ಅದರ ರಿಪೋರ್ಟು. ಕ್ಯಾನ್ಸರ್ ಇಲ್ಲ. ಕ್ಯಾನ್ಸರ್ ಆಗೋ ಲಕ್ಷಣಾನೂ ಇಲ್ಲ. ಚೀಲದ ಬಾಯಿಗೆ ಸೋಂಕಿತ್ತು, ಅಷ್ಟ."

"ಸೋಂಕು ಯಾದರಿಂದ ಹೋಗತಿತ್ರಿ?"

"ಮಾತ್ರೆಯಿಂದ ಹೋಗತಿತ್ತವ್ವ. ಗಂಡ ಹೆಂಡತಿ ಇಬ್ಬರೂ ಕೂಡೇ ತೊಗೊಂಡಿದ್ರ ಹೋಗತಿತ್ತು. ಆವಾಗ ನಿಮ್ಮ ಯಜಮಾನರಿಗೆ ಮಾತ್ರೆ ಕೊಟ್ಟಿರಲಿಲ್ಲೇನು?"

"ಅವಂಗ್ಯಾಕ? ಅವಂಗೇನಾಗಿತ್ತು?" ಎಂದು ಯಮನೂರಮ್ಮ ಹನುಮಂತಮ್ಮನ ಕಡೆ ತಿರುಗಿದಳು. "ಹೌದಲ್ಲ ಯಕ್ಕ? ಅವಂಗ ಯಾರೂ ಏನೂ ಕೊಟ್ಟಿಲ್ಲಲ್ಲ?"

"ಹೂಂ," ಎಂದಳು ಹನುಮಂತಮ್ಮ.

ವಾಪಸು ಬರುವಾಗ ಬಸ್ಸು ಹಿಟ್ನಾಳ ದಾಟಿತು. ಆಮೇಲೆ ಯಮನೂರಮ್ಮ ಒಮ್ಮೆ ಅಂದಳು, "ಆ ಗಂಗಾವತಿ ಡಾಕ್ಟರಗ ಒಳ್ಳೇದಾಗಲ್ಲ ಬಿಡು ಯಕ್ಕ." ಹನುಮಂತಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡಳು.

ಕೈಗೆ ಪಟ್ಟಿ ಬಿದ್ದ ಮೊದಲ ವಾರಗಳಲ್ಲಿ ಯಮನೂರಮ್ಮನಿಗೆ ಜಡೆ ಹಾಕುವುದು, ತಲೆ ಎರೆಯುವುದು ಎಲ್ಲವೂ ಹನುಮಂತಮ್ಮನದೇ. ಪ್ರತಿ ಸಲವೂ ಹೇಳಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು. ಮೂರನೆಯ ವಾರದ ಒಂದು ಮಧ್ಯಾಹ್ನ ಬಚ್ಚಲಲ್ಲಿ ಬಿಸಿನೀರು ಹಾಕುತ್ತಿದ್ದಾಗ, ಯಮನೂರಮ್ಮ ಸೀಗೆಪುಡಿ ಹಚ್ಚಿದ ತಲೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕುಳಿತಿದ್ದಳು. ಅವಳ ಕೂದಲು ಕೈತುಂಬ ಇದ್ದದ್ದು ಈಗ ಎರಡು ಬೆರಳಷ್ಟಾಗಿತ್ತು. ನೆತ್ತಿಯ ಮೇಲೆ ಚರ್ಮ ಕಾಣುತ್ತಿತ್ತು. ಅದನ್ನು ನೋಡುತ್ತ ಹನುಮಂತಮ್ಮನಿಗೆ ತಡೆಯಲಾಗಲಿಲ್ಲ.

"ಯಮನೂರಿ, ಹುಲಿಗೆಪ್ಪಗ ಮಾತ್ರಿ ಕೊಟ್ಟಿದ್ರು. ಮೊದಲನೇ ಸಲಾನ ಕೊಟ್ಟಿದ್ರು. ನನ್ನ ಕೈಯಾಗ ಕೊಟ್ಟಿದ್ರು."

ಯಮನೂರಮ್ಮ ತಲೆ ಎತ್ತಲಿಲ್ಲ.

"ನಾ ಅವಂಗ ಹೇಳಾಕ ನಾಚಿದೆ. ನಿನಗ ಹೊಡದಾನು ಅಂತ ಅಂಜಿಕಿನೂ ಇತ್ತು. ಹಂಗ ಇಟ್ಟಕೊಂಡೆ. ಆಮ್ಯಾಲ ಒಗದೆ."

ಹಾಗೇ ಕೇಳಿದಳು. "ಎಲ್ಲಿ ಒಗದಿ?"

"ಕಾಲವಿಗೆ."

"ಡಾಕ್ಟರು ಚೀಲ ತೆಗಿಸ್ರಿ ಅಂದಾಗ ನಿನಗ ಇದು ನೆನಪಿತ್ತೇನು?"

"ಇತ್ತು."

"ಇನ್ನೊಂದು ತಂಬಿಗಿ ಹಾಕು," ಎಂದಳು ಯಮನೂರಮ್ಮ. "ಸೀಗಿ ಕಣ್ಣಾಗ ಹೋಗೈತಿ."

ಹನುಮಂತಮ್ಮ ನೀರು ಹಾಕಿದಳು. ಯಮನೂರಮ್ಮ ಒಂದೇ ಕೈಯಲ್ಲಿ ಸೆರಗು ಸುತ್ತಿಕೊಂಡು ಎದ್ದು ಒಳಗೆ ಹೋದಳು. ಮರುದಿನದಿಂದ ಜಡೆ ಹಾಕಲು ಹಂಪವ್ವನನ್ನು ಕರೆಯತೊಡಗಿದಳು.

ಪಟ್ಟಿ ಬಿಚ್ಚಿದ ವಾರ ಅವಳೇ ಬಂದು ಬಾಗಿಲಲ್ಲಿ ನಿಂತಳು. "ನಾಳಿಗೆ ಗಂಗಾವತಿಗೆ ಹೋಗೋದೈತಿ. ನೀನೂ ಬಾ. ಆ ಡಾಕ್ಟರ್ ಮುಖ ನಾ ಒಮ್ಮಿ ನೋಡಬೇಕು."

ಡಾಕ್ಟರಿಗೆ ವಯಸ್ಸಾಗಿತ್ತು, ಈಗ ಬೆಳಿಗ್ಗೆ ಎರಡು ತಾಸು ಮಾತ್ರ ಕೂರುತ್ತಿದ್ದರು. ಯಮನೂರಮ್ಮ ರಿಪೋರ್ಟನ್ನು ಅವರ ಮೇಜಿನ ಮೇಲೆ ಇಟ್ಟಳು.

"ನನಗ ಕ್ಯಾನ್ಸರ್ ಇರಲಿಲ್ಲಂತ. ನೀವು ಬಾಜೂಕಿನ್ವೂ ತೆಗೆದೀರಂತ. ನನ್ನ ಯಾಕ ಕೇಳಲಿಲ್ಲ?"

ಡಾಕ್ಟರು ಕನ್ನಡಕ ಹಾಕಿಕೊಂಡು ಓದಿದರು, ತೆಗೆದರು. ಸಿಟ್ಟು ಮಾಡಲಿಲ್ಲ. "ನೋಡವ್ವ, ಆವಾಗ ದಿನಾ ನಿಮ್ಮಂಥವರು ಹತ್ತು ಮಂದಿ ಬರತಿದ್ರಿ. ತೆಗೀರಿ ತೆಗೀರಿ ಅಂತ ನೀವ ಕೇಳತಿದ್ರಿ. ಮಾತ್ರೆ ಬರದ್ರ ಬ್ಯಾರೆ ಕಡೆ ಹೋಗತಿದ್ರಿ. ನಾನೇನು ನಿಮ್ಮನ್ನ ಮನಿಯಿಂದ ಎಳಕೊಂಡು ಬಂದೆನೇನು?" ಆಮೇಲೆ ಹನುಮಂತಮ್ಮನ ಗುರುತು ಹಿಡಿದು ಬೆರಳು ತೋರಿದರು. "ಇವರು ನವಲಿ ಆಶಾ ಅಲ್ಲೇನು? ಇವರ ಕರಕೊಂಡು ಬಂದಿದ್ರು. ಸಹಿನೂ ಇವರದ ಇರಬೇಕು ನೋಡ್ರಿ."

ಸಹಿ ಹನುಮಂತಮ್ಮನದೇ ಇತ್ತು.

ಬಸ್‌ಸ್ಟ್ಯಾಂಡಿನಲ್ಲಿ ನವಲಿಯ ಬಸ್ಸು ತಡವಾಗಿತ್ತು. ಹನುಮಂತಮ್ಮ ಎರಡು ಚಹಾ ತಂದಳು. ಯಮನೂರಮ್ಮ ಕುಡಿಯಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

"ಅವ ಸುಳ್ಳ ಹೇಳಿದ," ಎಂದಳು. "ನೀ ಖರೆ ಹೇಳಲಿಲ್ಲ. ಅವನ ಮ್ಯಾಲ ಸಿಟ್ಟು ಬರತೈತಿ, ಮನಿಗೆ ಹೋದ್ರ ಮರೀತೀನಿ. ಅವ ನನಗ ಯಾರು? ನಿನ್ನ ಮುಖ ಮಾತ್ರ ದಿನಾ ನೋಡಬೇಕಲ್ಲ."

"ನಿನ್ನ ಕಾಲ ಬೀಳತೀನಿ ಯಮನೂರಿ."

"ಕಾಲ ಬ್ಯಾಡ. ಅವಂಗ ಹೇಳು. ನನ್ನ ಬಾಯಿಲೆ ನಾ ಹೇಳಂಗಿಲ್ಲ. ಆವತ್ತು ಹೇಳಬೇಕಾದದ್ದು ಈಗ ಹೇಳು."

ಹುಲಿಗೆಪ್ಪ ಮಶಿನ್ ಕೆಲಸ ಮುಗಿಸಿ ಬಂದ ಎರಡನೆಯ ದಿನ, ದನದ ಕೊಟ್ಟಿಗೆಯಲ್ಲಿ ಮೇವು ಹಾಕುತ್ತಿದ್ದಾಗ ಹನುಮಂತಮ್ಮ ಹೋಗಿ ನಿಂತಳು. ಇಪ್ಪತ್ತು ವರ್ಷದಲ್ಲಿ ಅವನೊಂದಿಗೆ ಊಟ, ಹೊಲ, ಮಕ್ಕಳ ಸಾಲಿ ಬಿಟ್ಟು ಬೇರೆ ಮಾತಾಡಿದ್ದೇ ಇಲ್ಲ. ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಒಂದನ್ನೂ ಬಿಡದೆ ಹೇಳಿದಳು. ಸೋಂಕು ಎಂದರೇನು, ಮಾತ್ರೆ ಯಾಕೆ, ತಾನು ಏನು ಮಾಡಿದೆ, ಎಲ್ಲವನ್ನೂ. ಹುಲಿಗೆಪ್ಪ ಮೇವಿನ ಸಿವುಡು ಕೈಯಲ್ಲಿ ಹಿಡಿದೇ ಕೇಳಿದ.

"ಎಷ್ಟು ಮಾತ್ರಿ ಇದ್ದವು ಅತ್ತಿಗಿ?"

"ಏಳು ದಿನದ್ದು. ಹದಿನಾಕು."

"ಅಷ್ಟ?" ಎಂದ. ಸಿವುಡನ್ನು ಗೋದಲಿಗೆ ಹಾಕಿದ. "ಕೊಟ್ಟಿದ್ರ ನುಂಗತಿದ್ದೆನಲ್ಲ. ನಾನೇನು ಹುಲಿಯೇನು ಅತ್ತಿಗಿ? ಆಕಿ ಸಲುವಾಗಿ ಹದಿನಾಕು ಮಾತ್ರಿ ನುಂಗತಿದ್ದಿಲ್ಲೇನು ನಾನು?"

ಅವನು ಆವತ್ತು ನಿಜವಾಗಿಯೂ ನುಂಗುತ್ತಿದ್ದನೋ, ಇಲ್ಲ ಪಕ್ಕದ ಓಣಿಯವನ ಹಾಗೆ ಕೈ ಎತ್ತುತ್ತಿದ್ದನೋ, ಅದನ್ನು ತಿಳಿಯುವ ದಾರಿ ಇನ್ನು ಯಾರಿಗೂ ಇಲ್ಲ. ಹನುಮಂತಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಇದೇ. ಅವನನ್ನು ಒಂದು ಮಾತೂ ಕೇಳದೆ ಅವನ ಉತ್ತರವನ್ನು ತಾನೇ ನಿರ್ಧಾರ ಮಾಡಿದ್ದಳು.

ಹಂಪವ್ವ ಎಲ್ಲವನ್ನೂ ಒಳಗಿನಿಂದ ಕೇಳಿಸಿಕೊಂಡಿದ್ದಳು. ಆ ಸಂಜೆ ರೊಟ್ಟಿ ಬಡಿಯುತ್ತ ಹಿರಿಸೊಸೆಗೆ ಅಂದಳು, "ನಮ್ಮ ಅವ್ವಗ ಐದನೇ ಕೂಸು ಹಡದಮ್ಯಾಲ ಗರ್ಭ ಜಾರಿ ಹೊರಗ ಬಂದಿತ್ತು. ಸಾಯೋತನಕ ಬಟ್ಟಿ ಕಟಗೊಂಡು ಹೊಲದಾಗ ಕಳಿ ತೆಗೀತಿದ್ಲು. ಯಾರಿಗೂ ಹೇಳಿದ್ದಿಲ್ಲ. ಸತ್ತಮ್ಯಾಲ ಮೈ ತೊಳಿವಾಗ ನಾ ನೋಡಿದೆ. ನೀನು ಆಶಾ ಕೆಲಸಕ್ಕ ಸೇರಿದಾಗ ನಾ ಏನಂದ್ಕೊಂಡಿದ್ದೆ ಗೊತ್ತೇನು? ಇನ್ನಮ್ಯಾಲ ನಮ್ಮ ಮನ್ಯಾಗಿನ ಹೆಣ್ಮಕ್ಕಳಿಗೆ ಹೇಳಕೊಳ್ಳಾಕ ಒಬ್ಬಾಕಿ ಆದ್ಲು ಅಂದ್ಕೊಂಡಿದ್ದೆ." ಹನುಮಂತಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಮುಂದಿನ ತಿಂಗಳ ಆಶಾ ಸಭೆಯಲ್ಲಿ ಹನುಮಂತಮ್ಮ ಎದ್ದು ನಿಂತು ಮಾತಾಡಿದಳು. ತನ್ನ ಪಾಲಿನ ಮನೆಗಳಲ್ಲಿ ನಲವತ್ತರೊಳಗೆ ಚೀಲ ತೆಗೆಸಿದವರು ಇಪ್ಪತ್ತಾರು ಮಂದಿ, ಅದರಲ್ಲಿ ಒಂಬತ್ತು ಜನರನ್ನು ತಾನೇ ಕರೆದೊಯ್ದಿದ್ದೆ ಎಂದಳು. ಆಮೇಲೆ ಒಬ್ಬಳು ಮೆಲ್ಲಗೆ, ನಾನು ಕರೆದೊಯ್ದವರು ಹದಿಮೂರು ಎಂದಳು.

ಅಲ್ಲಿಂದ ಹನುಮಂತಮ್ಮ ಸೋಂಕು, ಮಾತ್ರೆಯ ವಿಚಾರವನ್ನು ಗಂಡಸರ ಜೊತೆಯೂ ಮಾತಾಡಲು ಶುರುಮಾಡಿದಳು. ಚಹಾದಂಗಡಿಯ ಕಟ್ಟೆಯವರು ಆಶಾಗೆ ವಯಸ್ಸಾದಂಗ ನಾಚಿಕಿ ಬಿಟ್ಟೈತಿ ಎಂದು ನಕ್ಕರು. ನಗಲಿ ಎಂದು ಬಿಟ್ಟಳು. ಓಣಿಯ ಶಿವಲಿಂಗಮ್ಮ ಚೀಲ ತೆಗೆಸಲು ತಯಾರಾದಾಗ ಅವಳನ್ನೂ ಗಂಡನನ್ನೂ ಕೊಪ್ಪಳಕ್ಕೆ ಕರೆದೊಯ್ದಳು. ಮಾತ್ರೆಯಲ್ಲೇ ವಾಸಿಯಾಯಿತು. ಶಿವಲಿಂಗಮ್ಮ ಈ ಸುದ್ದಿಯನ್ನು ಯಮನೂರಮ್ಮನ ಎದುರೇ ಖುಷಿಯಿಂದ ಹೇಳಿದಳು. "ಛಲೋ ಆತು," ಎಂದು ಯಮನೂರಮ್ಮ ಒಳಗೆ ಎದ್ದು ಹೋದಳು.

ಜಗಳವೇನೂ ಆಗಲಿಲ್ಲ. ಮನೆ ಒಡೆಯಲಿಲ್ಲ. ಆದರೆ ಯಮನೂರಮ್ಮ ಯಕ್ಕ ಎನ್ನುವುದನ್ನು ಬಿಟ್ಟಳು. ಬರ್ರಿ, ಕೂಡ್ರಿ, ತೊಗೊಳ್ರಿ ಎಂದು ಊರಿನ ಬೇರೆಯವರಿಗೆ ಅನ್ನುವ ಹಾಗೆ ಬಹುವಚನದಲ್ಲಿ ಮಾತಾಡತೊಡಗಿದಳು.

ಕುಷ್ಟಗಿ ಕಡೆ ಕೊಟ್ಟಿದ್ದ ಅವಳ ಮಗಳು ವಿಜಯಲಕ್ಷ್ಮಿ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಹುಡುಗಿಯ ಹೆಸರನ್ನು ತನ್ನ ರಿಜಿಸ್ಟರಿಗೆ ಬರೆದುಕೊಳ್ಳಲು ಹನುಮಂತಮ್ಮ ಪೆನ್ನು ಹಿಡಿದು ಬಂದಾಗ ಯಮನೂರಮ್ಮ ಬಾಗಿಲಲ್ಲೇ ಹೇಳಿದಳು. "ಶಾಹಜಾದಬಿಗೆ ಹೇಳೇನ್ರಿ. ಆಕಿ ನೋಡಕೋತಾಳ."

ಶಾಹಜಾದಬಿ ಕೆಳಗಿನ ಓಣಿಯ ಆಶಾ, ಹನುಮಂತಮ್ಮ ಕೆಲಸ ಕಲಿಸಿದವಳು. ಅವಳಿಗೇ ಮುಜುಗರವಾಯಿತು. ಹನುಮಂತಮ್ಮ ಆಕೆಯನ್ನು ಪಕ್ಕಕ್ಕೆ ಕರೆದು, "ಹುಡುಗಿ ಮೈಯಾಗ ರಕ್ತ ಕಡಿಮಿ ಐತಿ, ಕಬ್ಬಿಣದ ಗುಳಗಿ ಬಿಡಸಬ್ಯಾಡ. ಏನ ಬರದ್ರೂ ಓದಿ ಹೇಳು ಅವರಿಗೆ. ಏನೂ ಮುಚ್ಚಬ್ಯಾಡ," ಎಂದಳು.

ನೋವು ಬಂದ ದಿನ ಬೆಳಿಗ್ಗೆ ಆಂಬುಲೆನ್ಸ್ ಓಣಿಯ ಬಾಯಿಗೆ ನಿಂತಿತು. ವಿಜಯಲಕ್ಷ್ಮಿ ಹತ್ತಿದಳು, ಶಾಹಜಾದಬಿ ಹತ್ತಿದಳು, ಯಮನೂರಮ್ಮ ಎಡಗೈಯಲ್ಲಿ ಬಾಗಿಲ ಸಳಿ ಹಿಡಿದು ಕಷ್ಟಪಟ್ಟು ಹತ್ತಿದಳು. ಹಿಂದೆ ಉಳಿದಿದ್ದ ಬಟ್ಟೆಯ ಚೀಲವನ್ನು ಹನುಮಂತಮ್ಮ ಎತ್ತಿ ಕೊಟ್ಟಳು. "ಕೊಡ್ರಿ," ಎಂದು ಯಮನೂರಮ್ಮ ಇಸಿದುಕೊಂಡಳು. ಗಾಡಿ ಹೋಯಿತು.

ಮಧ್ಯಾಹ್ನ ಮೂರಕ್ಕೆ ಶಾಹಜಾದಬಿಯ ಫೋನ್ ಬಂತು. ಹೆಣ್ಣು ಕೂಸು, ಎರಡು ಕಿಲೋ ಎಂಟುನೂರು, ತಾಯಿ ಮಗು ಇಬ್ಬರೂ ಆರಾಮ.

"ಯಮನೂರಿ?" ಎಂದು ಕೇಳಿದಳು ಹನುಮಂತಮ್ಮ.

"ಕೂಸಿನ್ನ ಎತಗೊಂಡು ಕುಂತಾಳ್ರಿ. ಬಲಗೈಗೆ ಭಾರ ಆಗತೈತಂತ, ಯಾರರ ಹಿಡಕೋರಿ ಅಂತ ಕೇಳಾಕತ್ತಾಳ. ನಾ ಹೋಗತೀನ್ರಿ," ಎಂದು ಶಾಹಜಾದಬಿ ಫೋನ್ ಇಟ್ಟಳು.

ಹನುಮಂತಮ್ಮ ಹಂಪವ್ವನಿಗೆ ಸುದ್ದಿ ಹೇಳಿ, ಆ ದಿನದ ಮನೆಭೇಟಿ ಇನ್ನೂ ನಾಲ್ಕು ಉಳಿದಿದ್ದರಿಂದ ಚಪ್ಪಲಿ ಮೆಟ್ಟಿಕೊಂಡು ಹೊರಟಳು.